ನೋಟಿಫಿಕೇಶನ್ ಕಾಯುವವರು

(ಧಾರವಾಡದ ಒಂದು ವಾಚನಾಲಯದಲ್ಲಿ ಶ್ರಾವಣದ ಸಂಜೆ ಆಡಿದ ಮಾತುಗಳಿವು. ಎರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಮಳೆಯ ಸದ್ದಿನಲ್ಲಿ ಹಿಂದಿನ ಸಾಲಿಗೆ ಕೇಳಿಸದೆ ಹೋದ ಕೆಲವನ್ನು ಸೇರಿಸಿದ್ದೇನೆ.)

ಕರಪತ್ರದಲ್ಲಿ ‘ಮೊಬೈಲ್ ಪಿಡುಗು ಮತ್ತು ಇಂದಿನ ಯುವಜನಾಂಗ’ ಎಂದು ಅಚ್ಚಾಗಿದೆ. ಸಂಘಟಕರು ಕ್ಷಮಿಸಬೇಕು, ನಾನು ಆ ವಿಷಯ ಮಾತನಾಡಲು ಬಂದಿಲ್ಲ. ಯುವಜನಾಂಗವನ್ನು ಬೈಯಲು ನನಗಿಂತ ಚೆನ್ನಾಗಿ ಬಲ್ಲವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಮುಂದಿನ ಎರಡು ಸಾಲುಗಳಲ್ಲಿ ಕುಳಿತವರೆಲ್ಲ ಐವತ್ತು ದಾಟಿದವರು. ಸ್ವಾಗತ ಭಾಷಣ ನಡೆಯುತ್ತಿದ್ದಾಗ ಸುಮ್ಮನೆ ಎಣಿಸಿದೆ. ಹತ್ತು ನಿಮಿಷದಲ್ಲಿ ಏಳು ಜನ ಮೊಬೈಲ್ ತೆಗೆದು ನೋಡಿ ಮತ್ತೆ ಕಿಸೆಗೋ ಚೀಲಕ್ಕೋ ಇಟ್ಟುಕೊಂಡರು. ಏನೂ ಬಂದಿರಲಿಲ್ಲ ಎಂದು ಮುಖ ನೋಡಿಯೇ ತಿಳಿಯುತ್ತಿತ್ತು. ಎಂಟನೆಯವಳು ನಾನು. ಇವತ್ತಿನ ಮಾತು ನಮ್ಮ ಬಗ್ಗೆ.

ಮೂವತ್ತು ವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತಳಾದೆ. ಈಗ ವಾರಕ್ಕೆ ಎರಡು ಸಂಜೆ ಆಪ್ತಸಮಾಲೋಚನೆಗೆ ಕೂರುತ್ತೇನೆ. ‘ನನಗೆ ಒಂಟಿತನ ಕಾಡುತ್ತಿದೆ’ ಎಂದು ಹೇಳಿಕೊಂಡು ಬಂದವರು ಇಷ್ಟು ದಿನದಲ್ಲಿ ಒಬ್ಬರೂ ಇಲ್ಲ. ನಮ್ಮ ಕಡೆಯ ಮಾತು ‘ಬೇಸರ’. ಬೇಸರವಾಗಿದೆ, ಹೊತ್ತು ಹೋಗುವುದಿಲ್ಲ, ನಿದ್ದೆ ಹತ್ತುವುದಿಲ್ಲ ಎನ್ನುತ್ತಾರೆ. ಮನೆ ತುಂಬ ಜನರಿರುವಾಗ ‘ನಾನು ಒಂಟಿ’ ಎಂದರೆ ಮನೆಯವರ ಮೇಲೆ ದೂರು ಹೇಳಿದ ಹಾಗಾಗುತ್ತದೆ. ಬೇಸರ ಎಂದರೆ ಯಾರ ಮೇಲೂ ತಪ್ಪು ಬರುವುದಿಲ್ಲ, ಹವಾಮಾನದ ಹಾಗೆ ಬಂದು ಹೋಗುವಂಥದ್ದು. ‘ಅಭದ್ರತೆ’ಯೂ ಪುಸ್ತಕದ ಪದವೇ. ಅದಕ್ಕೆ ನಾನು ಅಳುಕು ಎನ್ನುತ್ತೇನೆ. ‘ಇವರಿಗೆ ನಾನು ಬೇಕೋ ಬೇಡವೋ’ ಎಂಬ ಅಳುಕು. ಬೇಸರ ಮತ್ತು ಅಳುಕು ಒಂದೇ ಎದೆಯಲ್ಲಿ ಮನೆ ಮಾಡಿದಾಗ ಕೈ ಮೊಬೈಲಿನ ಕಡೆಗೆ ಹೋಗುತ್ತದೆ. ಬರೀ ಬೇಸರವಾದವನು ಟಿ.ವಿ. ಹಚ್ಚಬಹುದು, ಮಲಗಬಹುದು, ಪೇಟೆಗೆ ಹೋಗಿ ಗಿರಮಿಟ್ ತಿಂದು ಬರಬಹುದು. ಅಳುಕೂ ಇರುವವನಿಗೆ ಒಂದು ಉತ್ತರ ಬೇಕಾಗಿರುತ್ತದೆ. ಉತ್ತರ ಕೊಡುವ ಹಾಗೆ ತೋರಿಸಿ ಕೊಡದೇ ಇರುವ ಯಂತ್ರ ಕೈಯಲ್ಲೇ ಇದೆ.

ಮನೆ ತುಂಬ ಜನರಿದ್ದೂ ಬೇಸರವೇಕೆ ಎಂದು ಕೇಳುತ್ತೀರಿ. ರಾಬರ್ಟ್ ವೈಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲಿಯೇ ಇದನ್ನು ಬಿಡಿಸಿ ಹೇಳಿದ. ಒಡನಾಟಕ್ಕೆ ನಾಲ್ಕು ಜನರ ಬಳಗ ಇಲ್ಲದ ಒಂಟಿತನ ಒಂದು. ಮನಸ್ಸು ಬಿಚ್ಚಿ ಮಾತನಾಡಲು ಒಂದೇ ಒಂದು ಜೀವ ಇಲ್ಲದ ಒಂಟಿತನ ಇನ್ನೊಂದು. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಲಾಗುವುದಿಲ್ಲ. ಗಂಡ ತೀರಿಕೊಂಡ ಹೆಂಗಸನ್ನು ಬಳಗದ ನಲವತ್ತು ಜನರ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿದರೆ ಆಕೆಗೆ ದಿನವೂ ನಲವತ್ತು ಗುಲಾಬಿ ಹೂವಿನ ಚಿತ್ರಗಳು ಬರುತ್ತವೆ, ಅಷ್ಟೇ.

ಈಗ ಒಬ್ಬ ಹುಡುಗನ ವಿಷಯ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ನಿಜ ಹೇಳಬೇಕೆಂದರೆ ಇಬ್ಬರನ್ನು ಸೇರಿಸಿ ಒಬ್ಬನನ್ನಾಗಿ ಮಾಡಿದ್ದೇನೆ. ಹುಡುಗ ಎಂದೆ, ಅವನಿಗೆ ಇಪ್ಪತ್ತೊಂಬತ್ತು. ಹಾವೇರಿ ಜಿಲ್ಲೆಯ ಹಳ್ಳಿಯಿಂದ ಬಂದು ಐದು ವರ್ಷದಿಂದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ಸಪ್ತಾಪುರದ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಕೋಚಿಂಗ್ ಕೇಂದ್ರ, ಅದರ ಮೇಲೆ ಪಿಜಿ, ಪಕ್ಕದಲ್ಲಿ ರೀಡಿಂಗ್ ರೂಮು, ಕೆಳಗೆ ಖಾನಾವಳಿ, ಎದುರಿಗೆ ಝೆರಾಕ್ಸ್ ಅಂಗಡಿ. ಉತ್ತರ ಕರ್ನಾಟಕದ ಅರ್ಧ ಹಳ್ಳಿಗಳ ಆಸೆ ಆ ಎರಡು ಮೂರು ರಸ್ತೆಗಳಲ್ಲಿ ಬಾಡಿಗೆಗೆ ಇದೆ.

ಅವನು ಬಂದದ್ದು ನಿದ್ದೆ ಹತ್ತುವುದಿಲ್ಲ ಎಂದು. ಮೊಬೈಲನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟ. ಹಿಂದಿನ ಕವರ್ ಪಾರದರ್ಶಕ. ಅದರೊಳಗೆ ಮಡಚಿದ ಐವತ್ತು ರೂಪಾಯಿ ನೋಟು, ಅದರ ಪಕ್ಕ ಅವನದೇ ಪಾಸ್‌ಪೋರ್ಟ್ ಅಳತೆಯ ಫೋಟೋ. ಯಾವಾಗ ಅರ್ಜಿ ಕರೆಯುತ್ತಾರೋ ಗೊತ್ತಿಲ್ಲ, ಇರಲಿ ಎಂದು ಇಟ್ಟುಕೊಂಡದ್ದು. ಫೋಟೋದಲ್ಲಿ ತಲೆ ತುಂಬ ಕೂದಲಿತ್ತು. ಎದುರಿಗೆ ಕುಳಿತವನಿಗೆ ಹಣೆಯ ಮೇಲಿನ ಕೂದಲು ಹಿಂದೆ ಸರಿದಿತ್ತು. ಮಾತಿನ ನಡುವೆ ಮೂರು ನಾಲ್ಕು ಸಲ ಮೊಬೈಲ್ ಎತ್ತಿ ನೋಡಿ ಮತ್ತೆ ಬೋರಲು ಹಾಕಿದ.

“ಏನು ನೋಡುತ್ತೀಯಪ್ಪಾ?” ಎಂದೆ.

“ನೋಟಿಫಿಕೇಶನ್ ಬಂತೇನೋ ಎಂದು, ಮೇಡಂ.”

ಯಾವ ನೋಟಿಫಿಕೇಶನ್ ಎಂದು ಅವನು ಹೇಳಲಿಲ್ಲ. ಸರ್ಕಾರ ಹುದ್ದೆ ತುಂಬಲು ಹೊರಡಿಸುವ ಅಧಿಸೂಚನೆಗೂ ಅದೇ ಹೆಸರು, ಮೊಬೈಲ್ ಟಿಣ್ ಎನ್ನುವುದಕ್ಕೂ ಅದೇ ಹೆಸರು. ಅವನಿಗೆ ಎರಡೂ ಒಂದೇ ಆಗಿಬಿಟ್ಟಿದ್ದವು. ಅವನ ಕಾಯುವಿಕೆ ಸೋಮಾರಿತನವಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ ಮರುವರ್ಷ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆ ಎರಡೂಕಾಲು ವರ್ಷ ಈ ಹುಡುಗರು ಯಾವ ಬಾಗಿಲ ಮುಂದೆ ಕಾಯಬೇಕಿತ್ತು? ಕಾಯಲು ಬಾಗಿಲೇ ಇರಲಿಲ್ಲ. ಟೆಲಿಗ್ರಾಂ ಗುಂಪಿತ್ತು.

ಅಂಥ ಎಂಟು ಗುಂಪುಗಳಲ್ಲಿ ಅವನಿದ್ದ. ಅಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ‘ಸಾಹೇಬರೇ’ ಎಂದು ಕರೆದುಕೊಳ್ಳುತ್ತಾರೆ. ಸಾಹೇಬರಾದವರು ಯಾರೂ ಇಲ್ಲ. ಊರಿನ ಜಾತ್ರೆಗೆ ಹೋದರೆ ‘ಎಲ್ಲಿಗೆ ಬಂತು ನಿನ್ನ ನೌಕರಿ?’ ಎಂದು ಕೇಳುವವರಿದ್ದಾರೆಂದು ಎರಡು ವರ್ಷದಿಂದ ಜಾತ್ರೆಗೆ ಹೋಗಿಲ್ಲ. ಗುಂಪಿನಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಸ್ಕಾಟ್ ಕ್ಯಾಪ್ಲನ್ ಎಂಬ ಸಂಶೋಧಕ 2003ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಒಂಟಿತನ ಇರುವವರಿಗೆ ಎದುರಾಎದುರು ಮಾತಿಗಿಂತ ಅಂತರ್ಜಾಲದ ಮಾತು ಕಡಿಮೆ ಅಪಾಯದ್ದೆಂದು ಅನ್ನಿಸುತ್ತದೆ. ಆ ಒಲವೇ ಮುಂದೆ ಗೀಳಿನ ದಾರಿ ಹಿಡಿಸುತ್ತದೆ. ಆದರೆ ಹುಡುಗ ಹೇಳಿದ ಒಂದು ವಿವರ ಅಂಥ ಯಾವ ಪ್ರಬಂಧದಲ್ಲಿಯೂ ನನಗೆ ಸಿಕ್ಕಿಲ್ಲ. ಆಯ್ಕೆಯಾದವರು ಒಂದೆರಡು ದಿನ ಅಭಿನಂದನೆ ಸ್ವೀಕರಿಸಿ ಗುಂಪು ಬಿಡುತ್ತಾರೆ. ಇಂಥವರು ಗುಂಪನ್ನು ತೊರೆದರು ಎಂದು ಪರದೆಯ ನಡುವೆ ಸಣ್ಣದೊಂದು ಸಾಲು ಮೂಡುತ್ತದೆ. “ಆ ಸಾಲು ನೋಡಿದ ದಿನ ರಾತ್ರಿ ಮೂರರವರೆಗೆ ರೀಲ್ಸ್ ನೋಡುತ್ತೇನೆ, ಮೇಡಂ. ಏನು ನೋಡಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.”

ಇದನ್ನು ಚಟ ಎನ್ನಬಹುದೇ? ಈ ಪದದ ಹಿಂದೆ ಒಂದು ತಮಾಷೆಯ ಕತೆಯಿದೆ. 1995ರಲ್ಲಿ ಇವಾನ್ ಗೋಲ್ಡ್‌ಬರ್ಗ್ ಎಂಬ ನ್ಯೂಯಾರ್ಕಿನ ಮನೋವೈದ್ಯ, ತನ್ನ ವೃತ್ತಿಯವರು ಕಂಡದ್ದಕ್ಕೆಲ್ಲ ರೋಗದ ಹೆಸರಿಡುತ್ತಾರೆ ಎಂದು ಅಣಕಿಸಲು ‘ಅಂತರ್ಜಾಲ ವ್ಯಸನ ಕಾಯಿಲೆ’ ಎಂಬುದೊಂದನ್ನು ಹುಟ್ಟುಹಾಕಿ ಅದರ ಲಕ್ಷಣಗಳನ್ನೂ ಬರೆದ. ಜನ ನಗಲಿಲ್ಲ, ನಮಗೂ ಇದೆ ಎಂದರು. ಮರುವರ್ಷ ಕಿಂಬರ್ಲಿ ಯಂಗ್ ಎಂಬ ಮನಶ್ಶಾಸ್ತ್ರಜ್ಞೆ ನಿಜವಾಗಿಯೇ ಅಧ್ಯಯನಕ್ಕಿಳಿದು ಎಂಟು ಪ್ರಶ್ನೆಗಳನ್ನು ಮುಂದಿಟ್ಟರು. ಬಿಡಬೇಕೆಂದರೂ ಬಿಡಲಾಗುತ್ತಿಲ್ಲವೇ, ಎಷ್ಟು ಹೊತ್ತು ನೋಡಿದೆ ಎಂಬುದರ ಬಗ್ಗೆ ಮನೆಯವರಿಗೆ ಸುಳ್ಳು ಹೇಳಿದ್ದೀರಾ, ಮನಸ್ಸಿನ ಸಂಕಟದಿಂದ ತಪ್ಪಿಸಿಕೊಳ್ಳಲು ಅಲ್ಲಿಗೆ ಹೋಗುತ್ತೀರಾ, ಇಂಥವು. ಐದಕ್ಕೆ ಹೌದು ಎಂದರೆ ಯೋಚಿಸಬೇಕು. ಗಮನಿಸಬೇಕಾದದ್ದು ಆ ಪ್ರಶ್ನೆಗಳು ಬಂದ ಮೂಲವನ್ನು. ಯಂಗ್ ಅವನ್ನು ಕುಡಿತದ ಲಕ್ಷಣಗಳಿಂದ ತೆಗೆದುಕೊಳ್ಳಲಿಲ್ಲ, ಜೂಜಿನ ಲಕ್ಷಣಗಳಿಂದ ತೆಗೆದುಕೊಂಡರು.

ಅದು ಸರಿಯಾದ ಆಯ್ಕೆ. ಓಸಿ, ಅಂದರೆ ಮಟ್ಕಾ ಜೂಜಿನ ನಂಬರ್ ಬರೆಸುವವರನ್ನು ನಾವೆಲ್ಲ ನೋಡಿದ್ದೇವೆ. ದಿನವೂ ನಂಬರ್ ಹತ್ತುವುದಾದರೆ ಅದು ಸಂಬಳ, ಎಂದೂ ಹತ್ತದಿದ್ದರೆ ಎರಡು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ಯಾವಾಗಲೋ ಒಮ್ಮೆ, ಗೊತ್ತಿಲ್ಲದ ದಿನ ಹತ್ತುತ್ತದೆ. ಆದ್ದರಿಂದಲೇ ಬಿಡುವುದಿಲ್ಲ. ಬಿ.ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪಾರಿವಾಳಗಳಲ್ಲಿ ಇದನ್ನೇ ತೋರಿಸಿದ. ಕಾಳು ಯಾವ ಕುಕ್ಕಿಗೆ ಬೀಳುತ್ತದೆ ಎಂದು ಗೊತ್ತಿಲ್ಲದ ಪಾರಿವಾಳ ಎಲ್ಲಕ್ಕಿಂತ ಹೆಚ್ಚು ಕುಕ್ಕುತ್ತದೆ. ಪರದೆಯನ್ನು ಬೆರಳಿನಿಂದ ಕೆಳಕ್ಕೆ ಎಳೆದು ಬಿಡುತ್ತೀರಲ್ಲ, ಹೊಸದೇನಾದರೂ ಬಂತೇ ಎಂದು, ಅದು ಆ ಕುಕ್ಕು. ಓಸಿಯಲ್ಲಿ ಪಣಕ್ಕಿಡುವುದು ಹಣ. ಅಳುಕಿರುವವನು ಇಲ್ಲಿ ಪಣಕ್ಕಿಡುವುದು ತನ್ನನ್ನೇ.

ಆದರೂ ವೈದ್ಯರ ಪಟ್ಟಿಯಲ್ಲಿ ‘ಅಂತರ್ಜಾಲ ವ್ಯಸನ’ ಎಂಬ ರೋಗ ಇಂದಿಗೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ಪಟ್ಟಿಯಲ್ಲಿ ಗೇಮಿಂಗ್ ಗೀಳು ಮಾತ್ರ ಸೇರಿದೆ. ಹೀಗಾಗಿ ನಾನು ಯಾರಿಗೂ ‘ನಿಮಗೆ ಇಂಥ ರೋಗ’ ಎಂದು ಚೀಟಿ ಬರೆದುಕೊಡುವುದಿಲ್ಲ. ಆದರೆ ‘ವ್ಯಸನ’ ಎಂಬ ಪದವನ್ನು ನಮ್ಮ ನಿಘಂಟು ಎಷ್ಟು ಜಾಣತನದಿಂದ ಇಟ್ಟುಕೊಂಡಿದೆ ನೋಡಿ. ವ್ಯಸನ ಎಂದರೆ ಚಟ, ವ್ಯಸನ ಎಂದರೆ ದುಃಖ. ಸತ್ತ ಮನೆಯಲ್ಲಿ ವ್ಯಸನಪಡಬೇಡಿ ಎನ್ನುತ್ತೇವೆ. ಪತ್ರಿಕೆಯವರು ಮೊದಲನೆಯ ಅರ್ಥವನ್ನಷ್ಟೇ ಬಳಸುತ್ತಾರೆ. ನನ್ನ ಎದುರಿನ ಕುರ್ಚಿಯಲ್ಲಿ ಕೂರುವವರಲ್ಲಿ ನನಗೆ ಕಾಣುವುದು ಹೆಚ್ಚಾಗಿ ಎರಡನೆಯದು.

ಒಂಟಿತನದಿಂದ ಅಂತರ್ಜಾಲವೋ, ಅಂತರ್ಜಾಲದಿಂದ ಒಂಟಿತನವೋ ಎಂಬ ಜಗಳ ಹಳೆಯದು. ಪಿಟ್ಸ್‌ಬರ್ಗ್ ನಗರದ 73 ಮನೆಗಳಿಗೆ ಕಂಪ್ಯೂಟರನ್ನೂ ಇಂಟರ್ನೆಟ್ಟನ್ನೂ ಕೊಟ್ಟು, ಒಂದೆರಡು ವರ್ಷ ಅವರನ್ನು ಗಮನಿಸಿದ ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು 1998ರಲ್ಲಿ ಒಂದು ಫಲಿತಾಂಶ ಹೇಳಿದರು: ಹೆಚ್ಚು ಬಳಸಿದವರಲ್ಲಿ ಒಂಟಿತನ ಸ್ವಲ್ಪ ಹೆಚ್ಚಾಗಿದೆ. ದೊಡ್ಡ ಸುದ್ದಿಯಾಯಿತು. ಅದೇ ಸಂಗಡಿಗರು 2002ರಲ್ಲಿ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು: ಆ ಪರಿಣಾಮ ಬಹುಮಟ್ಟಿಗೆ ಕರಗಿಹೋಗಿದೆ. ಇದು ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ. ಆದರೆ ಮುಖ್ಯವಾದದ್ದು ಇದರೊಳಗೇ ಇತ್ತು. ಬೆರೆಯುವ ಸ್ವಭಾವ ಇದ್ದವರಿಗೆ, ಬೆನ್ನ ಹಿಂದೆ ಜನ ಇದ್ದವರಿಗೆ ಇಂಟರ್ನೆಟ್ಟಿನಿಂದ ಲಾಭವಾಯಿತು. ಇಲ್ಲದವರಿಗೆ ಇದ್ದ ಕೊರತೆ ಇನ್ನಷ್ಟು ಹೆಚ್ಚಿತು. ಉಳ್ಳವರ ಹೊಲಕ್ಕೇ ಮಳೆ ಎನ್ನುತ್ತೇವಲ್ಲ, ಹಾಗೆ.

ಇನ್ನು ಅಳುಕಿನ ಬೇರು. ತಾಯಿ ಮಗುವಿನ ನಂಟಿನ ಬಗ್ಗೆ ಜಾನ್ ಬೌಲ್ಬಿ, ಮೇರಿ ಐನ್ಸ್‌ವರ್ತ್ ಹೇಳಿದ್ದನ್ನು ನನ್ನ ವಿದ್ಯಾರ್ಥಿಗಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದರು. ಕರೆದಾಗ ತಾಯಿ ಬರುತ್ತಾಳೆ ಎಂಬ ಭರವಸೆ ಇರುವ ಮಗು ನೆಮ್ಮದಿಯಿಂದ ಇರುತ್ತದೆ, ಇಲ್ಲದ ಮಗುವಿಗೆ ಅಳುಕು ಎಂಬುದು ಅದರ ಸಾರ. 1987ರಲ್ಲಿ ಹೇಜನ್ ಮತ್ತು ಶೇವರ್ ಎಂಬ ಇಬ್ಬರು ಅದನ್ನು ದೊಡ್ಡವರಿಗೆ ಅನ್ವಯಿಸಿದ ರೀತಿ ನನಗೆ ಇಷ್ಟ. ಡೆನ್ವರ್‌ನ ಒಂದು ದಿನಪತ್ರಿಕೆಯಲ್ಲಿ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಿ, ತುಂಬಿ ಅಂಚೆಗೆ ಹಾಕಿ ಎಂದರು. ಬಂದ ಉತ್ತರಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನ ನಂಟಿನಲ್ಲಿ ನೆಮ್ಮದಿಯಿಂದ ಇದ್ದವರು. ಉಳಿದವರಲ್ಲಿ ಎರಡು ಬಗೆ. ಹತ್ತಿರ ಬಂದರೆ ಮೈ ಮುದುಡಿಕೊಳ್ಳುವವರು ಒಂದು ಬಗೆ, ಎಷ್ಟು ಹತ್ತಿರ ಬಂದರೂ ಸಾಲದೆನ್ನುವವರು ಇನ್ನೊಂದು ಬಗೆ.

ಇಬ್ಬರೂ ಕೊನೆಗೆ ಮೊಬೈಲಿಗೇ ಬರುತ್ತಾರೆ, ಬೇರೆ ಬೇರೆ ಓಣಿಯಿಂದ. ಮುದುಡಿಕೊಳ್ಳುವವರಿಗೆ ಉದಾಹರಣೆ ಹುಬ್ಬಳ್ಳಿಯ ಒಬ್ಬ ವ್ಯಾಪಾರಿ. ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚಿ ಮನೆಯ ಕೆಳಗೆ ಕಾರು ನಿಲ್ಲಿಸಿ, ದೀಪ ಆರಿಸಿ, ಒಂದೂವರೆ ಗಂಟೆ ಕಾರಿನಲ್ಲಿಯೇ ಕೂತು ಮೊಬೈಲ್ ನೋಡುತ್ತಾರೆ. ಕ್ರಿಕೆಟ್ಟಿನ ಬಗ್ಗೆ ಗುರುತಿಲ್ಲದವರ ಜತೆ ಜಗಳವಾಡುತ್ತಾರೆ. ಮೇಲೆ ಮನೆಯಲ್ಲಿ ಊಟ ಆರುತ್ತಿರುತ್ತದೆ. ಕರೆದುಕೊಂಡು ಬಂದವರು ಹೆಂಡತಿ, ಬೇರೆ ಸಂಬಂಧ ಏನಾದರೂ ಇದೆಯೇ ಎಂಬ ಅನುಮಾನದಿಂದ. ಬೇರೆ ಸಂಬಂಧ ಇರಲಿಲ್ಲ. “ಅಲ್ಲಿ ಯಾರಿಗೂ ನನ್ನಿಂದ ಏನೂ ಬೇಕಾಗಿಲ್ಲ” ಎಂದರು ಅವರು. ಆ ಮಾತು ಕೇಳಿ, ಬೇರೆ ಸಂಬಂಧ ಇದ್ದಿದ್ದರೇ ವಾಸಿಯಿತ್ತು ಎಂದು ಹೆಂಡತಿಗೆ ಎನಿಸಿರಬೇಕು.

ಸಾಲದೆನ್ನುವ ಬಗೆಗೆ ಉದಾಹರಣೆಯಾಗಿ ನಾನೇ ಇದ್ದೇನೆ. ಮಗಳು ಪುಣೆಗೆ ಕೆಲಸಕ್ಕೆ ಹೋದ ಮೊದಲ ವರ್ಷ, ರಾತ್ರಿ ಎಚ್ಚರವಾದಾಗಲೆಲ್ಲ ಅವಳ ಹೆಸರು ತೆರೆದು ನೋಡುತ್ತಿದ್ದೆ. ಸಂದೇಶ ಕಳಿಸಲು ಅಲ್ಲ. ಹೆಸರಿನ ಕೆಳಗೆ ಕೊನೆಯ ಬಾರಿ ಎಷ್ಟು ಗಂಟೆಗೆ ಕಾಣಿಸಿಕೊಂಡಳು ಎಂದು ಇರುತ್ತದಲ್ಲ, ಅದಕ್ಕೆ. ಒಮ್ಮೆ ಒಂದೂ ನಲವತ್ತಕ್ಕೆ ನೋಡಿದರೆ ‘ಆನ್‌ಲೈನ್’ ಎಂದಿತ್ತು. ಆ ಪದವನ್ನೇ ನೋಡುತ್ತ ಕುಳಿತೆ. ಇಷ್ಟು ಹೊತ್ತಿನಲ್ಲಿ ಯಾರ ಜತೆ ಮಾತು? ನನಗೆ ಹತ್ತು ಗಂಟೆಗೇ ‘ನಿದ್ದೆ ಬರುತ್ತಿದೆ’ ಎಂದು ಬರೆದಿದ್ದಳಲ್ಲ? ಐದು ನಿಮಿಷಕ್ಕೆ ಪದ ಮಾಯವಾಯಿತು. ನನಗೆ ಬೆಳಗಿನವರೆಗೆ ನಿದ್ದೆ ಇಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕಿ! ಷಿಕಾಗೊದ ಮನಶ್ಶಾಸ್ತ್ರಜ್ಞ ಜಾನ್ ಕಾಚಿಯೊಪ್ಪೊ ಒಂಟಿತನವನ್ನು ಹಸಿವಿನ ಹಾಗೆ ಒಂದು ಸಂಕೇತ ಎಂದವರು. ಅದು ತುಂಬ ದಿನ ಉಳಿದರೆ ಮನಸ್ಸು ಕಾವಲು ನಾಯಿಯಂತಾಗಿ, ಎಲ್ಲದರಲ್ಲಿಯೂ ತಿರಸ್ಕಾರವನ್ನೇ ಮೂಸಿ ಹುಡುಕುತ್ತದೆ ಎಂಬುದು ಅವರ ಕೆಲಸದ ಸಾರ. ಇದನ್ನು ನಾನು ಹಲಗೆಯ ಮೇಲೆ ಬರೆದು ಕಲಿಸಿದವಳು.

ದೀಪಾವಳಿಗೆ ಬಂದಾಗ ಮಗಳು ಕೇಳಿದಳು: “ಅವ್ವಾ, ನೀನು ರಾತ್ರಿ ಎರಡು ಗಂಟೆಗೆಲ್ಲ ಆನ್‌ಲೈನ್ ಇರುತ್ತೀಯಲ್ಲ, ಯಾಕೆ?”

ಅವಳೂ ನೋಡುತ್ತಿದ್ದಳು. ಇಬ್ಬರೂ ನೋಡುತ್ತಿದ್ದೆವು, ಕರೆ ಮಾಡಿದವರು ಯಾರೂ ಇಲ್ಲ.

ಇಷ್ಟು ಹೇಳಿದ ಮೇಲೆ ಯಾರಾದರೂ ಎದ್ದು ‘ಹಿಂದಿನ ಕಾಲದಲ್ಲಿ ಮನೆಯ ಮುಂದೆ ಕಟ್ಟೆ ಇರುತ್ತಿತ್ತು’ ಎನ್ನುತ್ತಾರೆ. ‘ಬೇಂದ್ರೆ’ ಎಂಬ ಹೆಸರಿನ ಖಾಸಗಿ ಬಸ್ಸಿನಲ್ಲಿ ನಿಂತುಕೊಂಡು ಹೋಗುವಾಗಲೂ ಹುಬ್ಬಳ್ಳಿ ಮುಟ್ಟುವುದರೊಳಗೆ ಇಬ್ಬರ ಪರಿಚಯವಾಗುತ್ತಿತ್ತು, ಈಗ ಚಿಗರಿ ಬಸ್ಸಿನ ತಂಪಿನಲ್ಲಿ ಎಲ್ಲರೂ ತಲೆ ಬಗ್ಗಿಸಿ ಕೂರುತ್ತಾರೆ ಎನ್ನುತ್ತಾರೆ. ನಿಜ, ಒಪ್ಪುತ್ತೇನೆ. ಆದರೆ ಕಟ್ಟೆಯ ಮೇಲೆ ಕೂರುತ್ತಿದ್ದವರು ಯಾರು? ಗಂಡಸರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆಗೆ ಕಟ್ಟೆ ಇತ್ತೇ? 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಎಷ್ಟೋ ಹೆಂಗಸರು ತವರಿನ ಗೆಳತಿಯರನ್ನು ಇಪ್ಪತ್ತು ವರ್ಷಗಳ ನಂತರ ಹುಡುಕಿಕೊಂಡರು. ಅವರ ಮೊದಲ ಕಟ್ಟೆ ಅದು. ಅವರ ಕೈಯಿಂದ ಮೊಬೈಲ್ ಕಿತ್ತುಕೊಳ್ಳಿರಿ ಎಂದು ನಾನು ಹೇಳಲಾರೆ. ಹೇಳುವ ಗಂಡಂದಿರಿಗೆ ತಮ್ಮದೇ ಮೊಬೈಲ್ ಎಷ್ಟು ಗಂಟೆ ಓಡುತ್ತದೆ ಎಂದು ಮೊದಲು ತೋರಿಸಲು ಹೇಳುತ್ತೇನೆ.

ಲೋಕಕ್ಕೆಲ್ಲ ಇದೇ ಚಿಂತೆಯಾಗಿದೆ. ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಹಿರಿಯ ಅಧಿಕಾರಿ ಆಗಿದ್ದ ವಿವೇಕ್ ಮೂರ್ತಿ 2023ರಲ್ಲಿ ಒಂಟಿತನದ ಮೇಲೆ ಒಂದು ಎಚ್ಚರಿಕೆಯ ವರದಿ ಹೊರಡಿಸಿದರು. ಅವರ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಎಂಬುದನ್ನು ನಮ್ಮವರೆಲ್ಲ ಫಾರ್ವರ್ಡ್ ಮಾಡಿದರು, ವರದಿಯನ್ನು ಓದಿದವರು ಕಡಿಮೆ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನ ಅನುಭವಿಸುತ್ತಾರೆ ಎಂದಿತು. ಈ ಕೋಣೆಯಲ್ಲಿ ಸುಮಾರು ಅರವತ್ತು ಜನ ಇದ್ದೀರಿ. ಲೆಕ್ಕ ನೀವೇ ಹಾಕಿಕೊಳ್ಳಿ, ಆದರೆ ಪಕ್ಕದವರ ಮುಖ ನೋಡಬೇಡಿ.

ಹುಡುಗನ ಕತೆ ಏನಾಯಿತು ಎಂದರೆ, ಅವನ ಮೊಬೈಲಿನ ಬಗ್ಗೆ ನಾನು ಏನೂ ಹೇಳಲಿಲ್ಲ. ಕಳೆದ ಪರೀಕ್ಷೆಯ ಫಲಿತಾಂಶ ಬಂದದ್ದನ್ನೇ ಅವನು ಮನೆಯಲ್ಲಿ ಹೇಳಿರಲಿಲ್ಲ. ‘ಇನ್ನೂ ಬಿಟ್ಟಿಲ್ಲ’ ಎಂದು ಏಳು ತಿಂಗಳಿನಿಂದ ಸುಳ್ಳು ನಡೆದಿತ್ತು. ಅದನ್ನು ತಾಯಿಗೆ ಹೇಳಲು ಅವನಿಗೆ ಮೂರು ವಾರ ಬೇಕಾಯಿತು. ಹೇಳಿದ. ಆಕೆ ಒಂದು ಗಳಿಗೆ ಸುಮ್ಮನಿದ್ದು, ಶೇಂಗಾ ಚಟ್ನಿ ಮುಗಿದಿರಬೇಕಲ್ಲ ಎಂದರಂತೆ. ಈಗ ಬೆಳಗಿನ ಹೊತ್ತು ರೂಮಿನವನೊಬ್ಬನ ಜತೆ ಕೆಲಗೇರಿ ಕೆರೆಯವರೆಗೆ ನಡೆದು ಬರುತ್ತಾನೆ. ಮೊಬೈಲ್ ನೋಡುವುದು ದಿನಕ್ಕೆ ಒಂಬತ್ತು ಗಂಟೆ ಇದ್ದದ್ದು ಆರಕ್ಕೆ ಇಳಿದಿದೆ. ಇದೂ ಕಡಿಮೆಯೇನಲ್ಲ. ಗುಂಪುಗಳನ್ನು ಅವನು ಬಿಟ್ಟಿಲ್ಲ, ನಾನು ಬಿಡು ಎಂದೂ ಇಲ್ಲ.

ಎಲ್ಲ ಕತೆಯೂ ಚಟ್ನಿಯಿಂದ ಸರಿಹೋಗುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕು ಸಾಕು ಎನ್ನಿಸತೊಡಗಿದರೆ ಉಪನ್ಯಾಸ ಕೇಳುತ್ತ ಕೂರಬೇಡಿ. ನಮ್ಮೂರಿನಲ್ಲಿಯೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತನಾಡುತ್ತಾರೆ, ದುಡ್ಡು ಹತ್ತುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಗೀಳಿಗೆಂದೇ 2014ರಿಂದ ಒಂದು ಕ್ಲಿನಿಕ್ ನಡೆಯುತ್ತಿದೆ.

ಪ್ರಶ್ನೋತ್ತರದಲ್ಲಿ ಗದಗಿನಿಂದ ಬಂದಿದ್ದ ನಿವೃತ್ತ ನೌಕರರೊಬ್ಬರು ಎದ್ದು ನಿಂತರು. “ಮಗ ಬೆಂಗಳೂರಿನಲ್ಲಿದ್ದಾನೆ. ದಿನಾ ಬೆಳಿಗ್ಗೆ ಆರಕ್ಕೆ ಅವನಿಗೆ ಶುಭೋದಯ ಕಳಿಸುತ್ತೇನೆ. ನೋಡುತ್ತಾನೆ, ಎರಡು ಗೆರೆ ನೀಲಿಯಾಗುತ್ತವೆ. ಉತ್ತರ ಇಲ್ಲ. ಗೆರೆ ನೀಲಿಯಾಗುವವರೆಗೆ ನನಗೆ ಚಹಾ ಸೇರುವುದಿಲ್ಲ. ಇದು ಚಟವೇ?”

ಏನು ಕಳಿಸುತ್ತೀರಿ ತೋರಿಸಿ ಎಂದೆ. ಮುಂದೆ ಬಂದು ತೋರಿಸಿದರು. ಸೂರ್ಯೋದಯ, ಗುಲಾಬಿ, ಯಾರೋ ಬರೆದ ಹಿತವಚನ. ಮೇಲೆ ಸರಿಸಿದಷ್ಟೂ ಸೂರ್ಯೋದಯಗಳೇ.

“ಕಾಕಾ, ಇವತ್ತು ಬೆಳಿಗ್ಗೆ ಏನು ತಿಂದಿರಿ?”

“ಉಪ್ಪಿಟ್ಟು. ಹೆಂಡತಿ ಹೋದ ಮೇಲೆ ನನಗೆ ಬರುವುದು ಅದೊಂದೇ. ದಿನಾ ಉಪ್ಪಿಟ್ಟೇ.”

“ಅದನ್ನು ಬರೆದು ಕಳಿಸಿದ್ದೀರಾ ಎಂದಾದರೂ?”

“ಅದನ್ನೇನು ಕಳಿಸುವುದು!” ಎಂದು ನಕ್ಕರು. ಸಭೆಯೂ ನಕ್ಕಿತು.

ಕಾರ್ಯಕ್ರಮ ಮುಗಿದು ಹೊರಗೆ ಬಂದಾಗ ಮಳೆ ಇನ್ನೂ ಜಿಟಿಜಿಟಿ ಎನ್ನುತ್ತಿತ್ತು. ತಗಡಿನ ಚಾವಣಿಯ ಕೆಳಗೆ ಅವರು ಆಟೊಗಾಗಿ ನಿಂತಿದ್ದರು. ನನ್ನನ್ನು ಕಂಡು ಮೊಬೈಲ್ ಮುಂದೆ ಹಿಡಿದರು. ‘ಬೆಳಿಗ್ಗೆ ಉಪ್ಪಿಟ್ಟು ಮಾಡಿಕೊಂಡಿದ್ದೆ. ಉಪ್ಪು ಹೆಚ್ಚಾಗಿತ್ತು.’ ಕಳಿಸಿ ಎಂಟು ನಿಮಿಷವಾಗಿತ್ತು. ಎರಡು ಗೆರೆ ಬಿದ್ದಿದ್ದವು, ಬೂದು ಬಣ್ಣದವು. ಇಬ್ಬರೂ ನೋಡುತ್ತ ನಿಂತೆವು. ಆಟೊ ಬಂತು. ಅವರು ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಕಿಸೆಗೆ ಇಳಿಸಿಕೊಂಡು ಹತ್ತಿದರು.